ಪಾಪಣ್ಣನ ಮಗಳು

20 ಜನವರಿ 2025, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ನಿವೃತ್ತನಾಗಿ ಮೂರು ವರ್ಷವಾದ ಮೇಲೆ ಮತ್ತೆ ಹಾಜರಿ ಪುಸ್ತಕ, ಮತ್ತೆ ಸಹಿ.

ನಮ್ಮ ಕೋಲಾರದಲ್ಲಿ ಬ್ರಿಟಿಷರ ಕಾಲದ ಹಳೇ ಗೋರಿತೋಟವನ್ನು ಪಾರ್ಕು ಮಾಡುತ್ತಿದ್ದಾರೆ. ಬೆಳಗಿನ ಹೊತ್ತು ನಡೆಯುವವರಿಗೆ ಕಲ್ಲು ಹಾಸಿದ ದಾರಿ, ಹುಣಸೆ ಮರಗಳ ಕೆಳಗೆ ಬೆಂಚು, ಕಾವಲುಗಾರನ ಪಾಳು ಮನೆಯನ್ನು ರಿಪೇರಿ ಮಾಡಿ ಎರಡು ಕೋಣೆಯ ಮ್ಯೂಸಿಯಂ. ಆರಿಸಿದ ನಲವತ್ತೆರಡು ಸಮಾಧಿಗಳ ಪಕ್ಕ ಒಂದೊಂದು ಬೋರ್ಡು ನಿಲ್ಲಿಸುತ್ತಾರಂತೆ. ಸತ್ತವರು ಯಾರು, ಇಲ್ಲಿಗೆ ಯಾಕೆ ಬಂದಿದ್ದರು, ಹೇಗೆ ಸತ್ತರು ಎಂದು ಐದಾರು ಸಾಲು ಬರೆದುಕೊಡುವುದು ನನ್ನ ಕೆಲಸ. ಮೂವತ್ತಾರು ವರ್ಷ ಸಮಾಜ ಪಾಠ ಮಾಡಿದವನಿಗೆ ಇದೇನು ಕಷ್ಟವಲ್ಲ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂರುವುದು ತಪ್ಪಲಿ ಎಂದು ಒಪ್ಪಿಕೊಂಡೆ. ನಾನೂ ಹೆಂಡತಿ ಸುನಂದಳೂ ಇಡೀ ದಿನದಲ್ಲಿ ಆಡುವ ಮಾತು ಊಟಕ್ಕೆ, ಔಷಧಿಗೆ, ಕರೆಂಟಿಗೆ ಸಂಬಂಧಿಸಿದ್ದು. ಅದೂ ಈಚೆಗೆ ಕಡಿಮೆಯಾಗಿದೆ.

ಎಂಜಿನಿಯರ್ ಶಿವಶಂಕರ್ ಒಂದು ಅರ್ಜಿ ತುಂಬಿಸಿಕೊಂಡ. ಮಕ್ಕಳು ಎಂಬ ಕಡೆ ಗೀಟು ಎಳೆದೆ. ಆರು ವರ್ಷದಿಂದ ಎಲ್ಲ ಅರ್ಜಿಯಲ್ಲೂ ಹಾಗೇ ಎಳೆಯುತ್ತಿದ್ದೇನೆ. ಅಭ್ಯಾಸವಾಗಿದೆ.

4 ಫೆಬ್ರವರಿ, ಮಂಗಳವಾರ

ಮೊಣಕಾಲು ನೋವು. ಸಮಾಧಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಸವೆದ ಅಕ್ಷರ ಓದುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಏಳಲು ಇನ್ನೊಬ್ಬರ ಕೈ ಬೇಕು.

ಆ ಇನ್ನೊಬ್ಬ ಅಜ್ಮತುಲ್ಲಾ. ಕಲ್ಲು ತಿಕ್ಕಿ ಶುಚಿ ಮಾಡಲು ಇಟ್ಟುಕೊಂಡಿರುವ ಕಲ್ಲುಕೆಲಸದವನು, ಹೆಚ್ಚುಕಡಿಮೆ ನನ್ನ ವಯಸ್ಸು. ಅವರಪ್ಪ ಒರಳು, ಬೀಸುವ ಕಲ್ಲು ಕಡೆಯುತ್ತಿದ್ದನಂತೆ. ಇವನು ನೀರು ಮತ್ತು ತೆಂಗಿನ ನಾರು ಬಿಟ್ಟು ಬೇರೇನನ್ನೂ ಕಲ್ಲಿಗೆ ಸೋಕಿಸುವುದಿಲ್ಲ. ಆಸಿಡ್ ಹಾಕಿದರೆ ಬೇಗ ಆಗುತ್ತದೆ ಎಂದು ಶಿವಶಂಕರ್ ಹೇಳಿದ್ದಕ್ಕೆ, "ಬೇಗ ಆಗ್ತದೆ ಸಾರ್. ಹೆಸರೂ ಬೇಗ ಹೋಗ್ತದೆ," ಅಂದ.

ಊಟದ ಹೊತ್ತಿನಲ್ಲಿ "ಮಕ್ಕಳೆಷ್ಟು ಮೇಷ್ಟ್ರೇ?" ಎಂದು ಕೇಳಿದ. ಇಲ್ಲ ಎಂದೆ. ಅವನು ತನ್ನ ಬುತ್ತಿಯಿಂದ ಒಂದು ಮಾವಿನಕಾಯಿ ಹೋಳು ತೆಗೆದು ನನ್ನ ತಟ್ಟೆಯ ಅಂಚಿಗಿಟ್ಟ.

ಇದು ನಾನೊಬ್ಬನೇ ಓದುವ ಪುಸ್ತಕವಾದ್ದರಿಂದ ಬರೆಯುತ್ತೇನೆ. ನಮಗೆ ಹುಟ್ಟಿದವಳೊಬ್ಬಳು ಮುಳಬಾಗಿಲಿನಲ್ಲಿದ್ದಾಳೆ. ಇಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹಾರ್ಡ್‌ವೇರ್ ಅಂಗಡಿಯ ಅಕ್ರಂನನ್ನು ಮದುವೆಯಾದ ವಾರ ನಾನು ಅಂತರಗಂಗೆಗೆ ಹೋಗಿ ಮುಳುಗಿ ಎದ್ದು ಎಳ್ಳುನೀರು ಬಿಟ್ಟು ಬಂದೆ. ಶ್ರೀನಿವಾಸಪುರದಿಂದ ಅಣ್ಣತಮ್ಮಂದಿರೆಲ್ಲ ಬಂದಿದ್ದರು. ನಮ್ಮ ಪಾಲಿಗೆ ತೀರಿಹೋದಳು ಎಂದು ಅವರೆದುರು ನಾನೇ ಹೇಳಿದೆ. ಸುನಂದ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಬಂದವರಿಗೆಲ್ಲ ಅನ್ನ ಬಡಿಸಿದಳು. ಅವಳದು ಗಟ್ಟಿ ಮನಸ್ಸು ಎಂದು ನನ್ನ ತಮ್ಮ ಶ್ರೀರಾಮಪ್ಪ ಹೊಗಳಿದ.

19 ಫೆಬ್ರವರಿ, ಬುಧವಾರ

ಹದಿನೇಳು ಬೋರ್ಡು ಮುಗಿಯಿತು. ಕಾಲರಾ, ಜ್ವರ, ಕಾಲರಾ, ಹೆರಿಗೆ, ಕುದುರೆಯಿಂದ ಬಿದ್ದು, ಜ್ವರ. ಏನೂ ಬರೆಯಲು ಮನಸ್ಸಿಲ್ಲ.

6 ಮಾರ್ಚ್, ಗುರುವಾರ

ಬಿಸಿಲು ಈಗಲೇ ಹೀಗಿದೆ. ಶಿವಶಂಕರ್ ಬೆಳಿಗ್ಗೆಯೇ ಬಂದು ನಾನು ಬರೆದದ್ದನ್ನೆಲ್ಲ ಓದಿದ. ಒಳ್ಳೆಯ ಹುಡುಗ, ಮೂರು ಕಡೆ ಮೂರು ಕೆಲಸ ನೋಡಿಕೊಳ್ಳುತ್ತಾನೆ, ಕಣ್ಣ ಕೆಳಗೆ ಕಪ್ಪಾಗಿದೆ.

"ಎಲ್ಲಾ ಚೆನ್ನಾಗಿದೆ ಸಾರ್. ಆದ್ರೆ ಬರೀ ಕಾಯಿಲೆ. ಪಾರ್ಕಿಗೆ ಬರೋರಿಗೆ ಒಂದು ಕಥೆ ಬೇಕಲ್ವಾ? ಮುಂದೆ ನಿಂತ್ಕೊಂಡು ಫೋಟೊ ತೆಗೆಸ್ಕೋಬೇಕು ಅನ್ನಿಸ್ಬೇಕು."

ಅವನು ತೋರಿಸಿದ್ದು ಪೂರ್ವದ ಗೋಡೆಯ ಹತ್ತಿರದ ಸಮಾಧಿ. ಮೇಲೆ ಹೊಂಗೆ ಮರ, ಅಂದವಾದ ಜಾಗ. ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಇರುವುದು ಇಷ್ಟೇ: ಮಾರ್ಥಾ, ಈ ಊರ ಮಿಷನ್ ಆಸ್ಪತ್ರೆಯ ದಾದಿ, ಮರಣ 9 ನವೆಂಬರ್ 1918. ಮನೆತನದ ಹೆಸರಿಲ್ಲ, ವಯಸ್ಸಿಲ್ಲ. ಆ ವರ್ಷದ ಇನ್‌ಫ್ಲುಯೆಂಜಾ ಮಹಾಜ್ವರದಲ್ಲಿ ಹೋಗಿರಬೇಕು.

"ಒಬ್ಬ ಬ್ರಿಟಿಷ್ ಸಿಪಾಯಿನ ಪ್ರೀತಿಸಿದ್ಲು ಅಂತ ಬರೀರಿ ಸಾರ್. ಅದೇ ಟೈಮಿಗೆ ಯುದ್ಧಾನೂ ಇತ್ತಲ್ಲ. ಯಾರು ಬಂದು ಕೇಳ್ತಾರೆ?"

ಯಾರೂ ಕೇಳುವುದಿಲ್ಲ. ವಾದ ಮಾಡಲು ಶಕ್ತಿಯಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ. 'ಮಾರ್ಥಾ ಎಂಬ ಚೆಲುವೆ ದಾದಿ ಒಬ್ಬ ಆಂಗ್ಲ ಸಿಪಾಯಿಗೆ ಮನಸೋತಿದ್ದಳು. ಯುದ್ಧಕ್ಕೆ ಹೋದ ಆತ ಮರಳಲಿಲ್ಲ. ಅವನ ದಾರಿ ಕಾಯುತ್ತಲೇ ಆಕೆ ಕೊನೆಯುಸಿರೆಳೆದಳು ಎಂಬ ಪ್ರತೀತಿ ಇದೆ.' ಕೊನೆಯ ಮೂರು ಪದ ಸೇರಿಸಿದ್ದರಿಂದ ಪೂರ್ತಿ ಸುಳ್ಳಾಗುವುದಿಲ್ಲ ಎಂದುಕೊಂಡೆ. ಶಿವಶಂಕರ್ ಬಹಳ ಖುಷಿಪಟ್ಟ.

12 ಮಾರ್ಚ್, ಬುಧವಾರ

ಅಜ್ಮತುಲ್ಲಾ ಉಪವಾಸದಲ್ಲಿದ್ದಾನೆ. ಅವನೆದುರು ನೀರು ಕುಡಿಯಲು ನನಗೇ ಮುಜುಗರವಾಗಿ ಮ್ಯೂಸಿಯಂ ಗೋಡೆಯ ಹಿಂದಕ್ಕೆ ಹೋಗಿ ಕುಡಿಯುತ್ತೇನೆ. ಇವತ್ತು ಅಲ್ಲಿಗೇ ಬಂದು ಕರೆದ.

"ಆ ನರ್ಸಮ್ಮನ ಕಲ್ಲು ಇನ್ನೂ ಒಂದು ಗೇಣು ಮಣ್ಣಲ್ಲಿ ಐತೆ ಮೇಷ್ಟ್ರೇ. ಬುಡದಲ್ಲಿ ಏನೋ ಬರ್ದವ್ರೆ. ಬೆರಳಿಗೆ ಸಿಗ್ತದೆ, ನಂಗೆ ಓದಕ್ಕೆ ಬರಲ್ಲ."

ಮಣ್ಣು ಬಿಡಿಸಿ ನೀರು ಹಾಕಿ ನೋಡಿದರೆ ಒಂದು ಸಾಲು, ತೆಲುಗು ಲಿಪಿ. ಮೇಲಿನ ಇಂಗ್ಲಿಷ್ ಅಕ್ಷರಗಳಷ್ಟು ನುಣುಪಿಲ್ಲ, ಕೆತ್ತಿದವನಿಗೆ ಆ ಲಿಪಿಯ ಅಭ್ಯಾಸವಿರಲಿಲ್ಲ ಎಂದು ಕಾಣುತ್ತದೆ. ಶ್ರೀನಿವಾಸಪುರದವನಾದ ನನಗೆ ಓದಲು ಕಷ್ಟವಾಗಲಿಲ್ಲ. 'ಕುರುಡುಮಲ ಪಾಪನ್ನ ಕೂತುರು.' ಕುರುಡುಮಲೆ ಪಾಪಣ್ಣನ ಮಗಳು.

ಓದಿ ಹೇಳಿದೆ. ಅಜ್ಮತುಲ್ಲಾ ಕೈಯಲ್ಲಿದ್ದ ನಾರನ್ನು ಬಕೆಟ್ಟಿಗೆ ಹಾಕಿದ. "ಅಂಗಾದ್ರೆ ನಮ್ಮ ಕಡೆ ಹೆಣ್ಣುಮಗಳು. ಸಿಪಾಯಿ ಎಲ್ಲಿಂದ ಬಂದ ಮೇಷ್ಟ್ರೇ?" ಅಂದ.

ಮಾತು ತೇಲಿಸಿ ಮನೆಗೆ ಬಂದೆ. ದೊರೆಗಳಿಗೆ, ಮಿಷನ್ನಿನವರಿಗೆ ಪಾಪಣ್ಣ ಯಾರೆಂದು ಹೇಗೆ ಗೊತ್ತಿರುತ್ತದೆ? ಅವಳೇ ಹೇಳಿ ಬರೆಸಿರಬೇಕು. ತನ್ನ ಹೆಸರೇ ಬದಲಾಗಿದ್ದವಳು ಅಪ್ಪನ ಹೆಸರನ್ನು ಹಾಗೇ ಇಟ್ಟುಕೊಂಡಿದ್ದಳು.

15 ಮಾರ್ಚ್, ಶನಿವಾರ

ಬೋರ್ಡುಗಳು ಅಚ್ಚಿಗೆ ಹೋಗಿವೆಯಂತೆ. ಹೋಗಲಿ. ಒಂದು ಸಾಲಿಗೋಸ್ಕರ ಎಲ್ಲ ತಡೆದು ನಿಲ್ಲಿಸುವುದಕ್ಕಾಗುತ್ತದೆಯೆ?

21 ಮಾರ್ಚ್, ಶುಕ್ರವಾರ

ಕುರುಡುಮಲೆಗೆ ಹೋಗಿ ಬಂದೆ. ಯಾಕೆ ಹೋದೆನೋ ತಿಳಿಯದು. ಸುನಂದಳಿಗೆ ಆಫೀಸಿನ ಕೆಲಸ, ಕುರುಡುಮಲೆಗೆ ಎಂದೆ. "ಮುಳಬಾಗಿಲ ಮೇಲೇ ಅಲ್ವಾ ಹೋಗೋದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮುಳಬಾಗಿಲಿನಲ್ಲಿ ಇಳಿದವನು ಆಟೊದವನಿಗೆ ಪೇಟೆ ಬೀದಿ ಬೇಡ, ಸುತ್ತಿಕೊಂಡು ಹೋಗು ಎಂದೆ. ಅವನು "ಅದೇ ಹತ್ರ ಸಾರ್," ಎಂದರೂ ಕೇಳಲಿಲ್ಲ. ಹಾರ್ಡ್‌ವೇರ್ ಅಂಗಡಿ ಆ ಬೀದಿಯಲ್ಲೇ ಇರುವುದು.

ಕುರುಡುಮಲೆಯಲ್ಲಿ ಗಣಪತಿ ಗುಡಿಯ ಹತ್ತಿರ ಇಬ್ಬರು ಮೂವರನ್ನು ವಿಚಾರಿಸಿದೆ. ಪಾಪಣ್ಣ ಎಂದರೆ ಯಾವ ಪಾಪಣ್ಣ ಎಂದರು. ನೂರು ವರ್ಷದ ಹಿಂದಿನವರು ಎಂದಾಗ ಒಬ್ಬ ಮುದುಕರು ಊರಾಚೆಯ ಒಂದು ಮನೆ ತೋರಿಸಿದರು. ಅಲ್ಲಿ ಯಜಮಾನ ನರಸಿಂಹಪ್ಪ, ಅರವತ್ತರ ಆಸುಪಾಸು, ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಳಿಸುತ್ತಿದ್ದ. ಮರ್ಯಾದೆಯಿಂದಲೇ ಕೂರಿಸಿ ನೀರು ಕೊಟ್ಟ. ಪಾಪಣ್ಣ ತನ್ನ ತಾಯಿಯ ತಾತ ಎಂದ. ತಾಯಿ ಒಬ್ಬಳೇ ಮಗಳಾಗಿದ್ದರಿಂದ ತಂದೆ ಈ ಮನೆಗೇ ಅಳಿಯನಾಗಿ ಬಂದು ನಿಂತವರಂತೆ. ನಾನು ಬಂದ ವಿಷಯ ಹೇಳುತ್ತಿದ್ದಂತೆ ಅವನ ಮುಖ ಬಿಗಿಯಿತು.

"ನಮ್ಮ ಮನೇಲಿ ಅಂಥೋರು ಯಾರೂ ಇಲ್ಲ ಮೇಷ್ಟ್ರೇ."

"ಕಲ್ಲಿನ ಮೇಲೆ ಹೆಸರಿದೆ."

"ಕಲ್ಲಿನ ಮೇಲೆ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬರೀಬಹುದು. ನಾಳೆ ದಿನ ನಮ್ಮ ಮಕ್ಕಳಿಗೆ ಹೆಣ್ಣು ಕೇಳಕ್ಕೆ ಹೋದ್ರೆ, ಓಹೋ ನಿಮ್ಮನೇ ಹೆಸರು ಕೋಲಾರದ ಪಾರ್ಕಲ್ಲಿ ಹಾಕವ್ರಲ್ಲ ಅಂತಾರೆ. ನೀವೂ ಹೆಣ್ಣು ಹೆತ್ತೋರೇ ಇರ್ಬೇಕು, ನಿಮಗೆ ತಿಳೀಬೇಕು."

ನಾನು ಲೋಟ ಕೆಳಗಿಟ್ಟೆ. ಜಗಲಿಯ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಒಬ್ಬ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಅವನ ತಾಯಿ, ಭಾರತಮ್ಮ.

ವಾಪಸು ಬರುವಾಗ ಸಮಾಧಾನವೇ ಆಯಿತು. ಹೋಗಿ ಕೇಳಿದ್ದಾಯಿತು, ಅವರು ಒಪ್ಪಲಿಲ್ಲ. ಇನ್ನು ಬೋರ್ಡು ಇದ್ದ ಹಾಗೆ ಇರಲಿ.

31 ಮಾರ್ಚ್, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್ ಹಬ್ಬ. ಸುನಂದ ಒಣಗಿದ ಬಟ್ಟೆ ತರಲು ತಾರಸಿಗೆ ಹೋದವಳು ಮುಕ್ಕಾಲು ಗಂಟೆ ಇಳಿದು ಬರಲಿಲ್ಲ. ತಾರಸಿಯ ಮೇಲೆ ಇದ್ದದ್ದು ಎರಡು ಟವೆಲು. ಅವಳು ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಾಳೆಂದು ನನಗೆ ಗೊತ್ತು. ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತು. ಇದು ಹೀಗೇ ನಡೆದುಕೊಂಡು ಬಂದಿದೆ.

ಸಂಜೆ ಅಜ್ಮತುಲ್ಲಾ ಮನೆಗೇ ಬಂದು ಶಾವಿಗೆ ಪಾಯಸ ಕೊಟ್ಟು ಹೋದ. ಸುನಂದ ಎರಡು ಬಟ್ಟಲು ತಿಂದಳು. ನನಗೂ ಬೇಕೆ ಎಂದು ಕೇಳಲಿಲ್ಲ. ಆಮೇಲೆ ನಾನೇ ಹಾಕಿಕೊಂಡೆ. ಚೆನ್ನಾಗಿತ್ತು.

17 ಏಪ್ರಿಲ್, ಗುರುವಾರ

ಬೋರ್ಡುಗಳು ಬಂದವು. ಕಬ್ಬಿಣದ ಕಂಬ, ಹಸಿರು ಹಿನ್ನೆಲೆ, ಬಿಳಿ ಅಕ್ಷರ. ಮಾರ್ಥಾಳ ಬೋರ್ಡು ಉಳಿದವಕ್ಕಿಂತ ದೊಡ್ಡದು, ಮೂಲೆಯಲ್ಲಿ ಒಂದು ಕೆಂಪು ಗುಲಾಬಿ. ಅಜ್ಮತುಲ್ಲಾ ಕಂಬ ನೆಡಲು ಗುಂಡಿ ತೋಡಿಕೊಟ್ಟ, ಬೋರ್ಡಿನ ಕಡೆ ತಲೆಯೆತ್ತಿ ನೋಡಲಿಲ್ಲ. ಮ್ಯೂಸಿಯಮ್ಮಿಗೆ ಆಸ್ಪತ್ರೆಯ ಹಳೇ ಕಬ್ಬಿಣದ ಮಂಚ, ಗಾಜಿನ ಸಿರಿಂಜುಗಳು, ಒಂದು ಕಂಚಿನ ಗಂಟೆ ಬಂದಿವೆ. ಜೋಡಿಸುವಾಗ ಸೊಂಟ ಹಿಡಿದುಕೊಂಡಿತು.

ಮೇ ನಾಲ್ಕಕ್ಕೆ ಉದ್ಘಾಟನೆ.

22 ಏಪ್ರಿಲ್, ಮಂಗಳವಾರ

ಬರೆಯಲು ಕೂತು ಬಹಳ ಹೊತ್ತಾಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹನ್ನೊಂದು ಗಂಟೆಯ ಹೊತ್ತಿಗೆ ಗೇಟಿನ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳು ಭಾರತಮ್ಮ. ಇನ್ನೊಬ್ಬಳು ಪಕ್ಕದ ಮನೆಯವಳಂತೆ, ಜೊತೆಗೆ ಬಂದವಳು. ಮುದುಕಿಗೆ ಎಂಬತ್ತೈದು ವರ್ಷ. ಎರಡು ಬಸ್ಸು ಬದಲಾಯಿಸಿ ಬಂದಿದ್ದಾಳೆ.

"ಮಗನಿಗೆ ಹೇಳಿ ಬಂದ್ರಾ ಅಮ್ಮಾ?" ಎಂದೆ.

"ಹೆಂಗಸ್ರಿಗೆ ಫ್ರೀ ಬಸ್ಸಲ್ವಾ ನಾಯನಾ. ಯಾರನ್ ಕೇಳ್ಬೇಕು?" ಅಂದಳು.

ಕೈ ಹಿಡಿದು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋದೆ. ಅಜ್ಮತುಲ್ಲಾ ಕಲ್ಲಿನ ಬುಡ ತೋರಿಸಿದ. ಅವಳಿಗೆ ಓದು ಬರುವುದಿಲ್ಲ. ನಾನು ತೆಲುಗಿನ ಸಾಲನ್ನು ಓದಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ. ಅವಳು ನೆಲಕ್ಕೆ ಕೂತು ಅಂಗೈಯನ್ನು ಆ ಅಕ್ಷರಗಳ ಮೇಲಿಟ್ಟಳು. ಆಮೇಲೆ ಬೋರ್ಡಿನ ಕಡೆ ನೋಡಿದಳು.

"ಅದ್ರಾಗೆ ಏನ್ ಬರ್ದಿದೀರ?"

ಬೇರೆ ಏನಾದರೂ ಹೇಳಿಬಿಡಬಹುದಿತ್ತು. ಪಕ್ಕದಲ್ಲಿ ಅಜ್ಮತುಲ್ಲಾ ನಿಂತಿದ್ದ. ಇದ್ದದ್ದನ್ನೇ ಓದಿದೆ. ಚೆಲುವೆ, ಸಿಪಾಯಿ, ಯುದ್ಧ, ಕೊನೆಯುಸಿರು. ನನ್ನ ದನಿ ನನಗೇ ಅಸಹ್ಯವಾಯಿತು. ಅವಳು ಪೂರ್ತಿ ಕೇಳಿದಳು.

"ಪ್ರತೀತಿ ಅಂದ್ರೇನು?"

"ಜನ ಹೇಳೋ ಮಾತು."

"ಯಾವ ಜನ ಹೇಳವ್ರೆ?"

"ಯಾರೂ ಹೇಳಿಲ್ಲಮ್ಮ. ನಾನೇ ಬರೆದೆ."

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನ ವಿದ್ಯಾರ್ಥಿಗಳು ತಪ್ಪು ಬರೆದಾಗ ನಾನು ನೋಡುತ್ತಿದ್ದ ಹಾಗೆ ನೋಡಿದಳು. ಪಕ್ಕದ ಮನೆಯವಳು ತಂದಿದ್ದ ಬಾಟಲಿಯಿಂದ ನೀರು ಕುಡಿದು ಹೇಳತೊಡಗಿದಳು. ಅರ್ಧ ತೆಲುಗು, ಅರ್ಧ ಕನ್ನಡ. ನೆನಪಿದ್ದಷ್ಟು ಇಲ್ಲಿ ಬರೆದಿಡುತ್ತೇನೆ.

ಇಲ್ಲಿ ಮಲಗಿರುವವಳ ಹೆಸರು ಚೆಂಗಮ್ಮ. ಭಾರತಮ್ಮನ ತಂದೆಯ ಅಕ್ಕ. ಹದಿನಾಲ್ಕಕ್ಕೆ ಗಂಡ ಸತ್ತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ಬದುಕುವುದಿಲ್ಲ ಎಂದಾಗ ಪಾಪಣ್ಣ ಗಾಡಿ ಕಟ್ಟಿಕೊಂಡು ಕೋಲಾರದ ಮಿಷನ್ ಆಸ್ಪತ್ರೆಗೆ ತಂದು ಹಾಕಿದ. ಬದುಕಿಕೊಂಡಳು. ಆದರೆ ಮನೆಗೆ ಹೋಗಲಿಲ್ಲ. ಅಲ್ಲೇ ಕೆಲಸ ಕಲಿತಳು, ಆ ಮೇಲೆ ಅವರ ಮತಕ್ಕೂ ಸೇರಿದಳು. ಸುದ್ದಿ ಬಂದ ದಿನ ಪಾಪಣ್ಣ ಕುಲದವರನ್ನೆಲ್ಲ ಸೇರಿಸಿ, ಕೆರೆಯಲ್ಲಿ ಮುಳುಗಿ ಎಳ್ಳುನೀರು ಬಿಟ್ಟ. ಮಗಳು ಸತ್ತಳು ಎಂದು ಹದಿನಾರು ಊರಿಗೆ ಹೇಳಿ ಕಳಿಸಿದ. ಅದಾದ ಮೇಲೆ ಅವಳು ಹನ್ನೊಂದು ವರ್ಷ ಇದ್ದಳು. ಮಹಾಜ್ವರ ಬಂದ ವರ್ಷ ರೋಗಿಗಳನ್ನು ನೋಡಿಕೊಳ್ಳುತ್ತಲೇ ಹೋದಳು.

"ನಮ್ಮಜ್ಜಿ, ಅಂದ್ರೆ ಇವಳ ತಾಯಿ, ನಾನು ಹತ್ತು ವರ್ಷದೋಳಾಗೋವರ್ಗೂ ಇದ್ಲು. ಒಂದ್ಸಲ ಸಂತೆಗೆ ಅಂತ ನನ್ನ ಕರ್ಕೊಂಡು ಬಂದು ಈ ಗೇಟಿನ ಹತ್ರ ನಿಲ್ಸಿ, ಗಂಟು ನೋಡ್ಕೊಂಡಿರು ಅಂತೇಳಿ ಒಳಗೆ ಹೋದ್ಲು. ತುಂಬ ಹೊತ್ತಾಯ್ತು. ಬಂದ ಮೇಲೆ, ಒಳಗೆ ಯಾರವ್ರೆ ಅಜ್ಜಿ ಅಂದ್ರೆ, ಯಾರೂ ಇಲ್ಲ ಕಣೇ, ದೊರೆಗಳ ತೋಟ ಅಂದ್ಲು. ಆಮೇಲೆ ನಮ್ಮವ್ವ ಹೇಳಿದ್ಲು ನಂಗೆ, ಸಂತೆ ನೆಪದಲ್ಲಿ ಅಜ್ಜಿ ಆಗಾಗ ಇಲ್ಲಿಗೆ ಬರ್ತಿದ್ಲು ಅಂತ. ಅಜ್ಜಿ ಒಂದು ಮಗಳಿಗೆ ಎರಡು ಸಲ ಅತ್ಲಂತೆ. ಮೊದಲನೇ ಸಲ ಊರಿಗೆಲ್ಲ ಕೇಳೋ ಹಾಗೆ. ಎರಡನೇ ಸಲ ಯಾರಿಗೂ ಕೇಳದ ಹಾಗೆ."

"ಪಾಪಣ್ಣನವರು?" ಎಂದು ಕೇಳಿದೆ. ಅದೊಂದು ಕೇಳಬೇಕೆನ್ನಿಸಿತು.

"ಅವನು ಗಂಡಸು. ಮಾತು ಆಡ್ಬಿಟ್ಟಿದ್ದ. ಹೆಂಗೆ ವಾಪಸ್ ತಗಂತಾನೆ?"

ಬೋರ್ಡಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. ನಿಮ್ಮ ಮಗ ಬೇಡ ಅಂದಿದ್ದಾರೆ ಎಂದೂ ನೆನಪಿಸಿದೆ.

"ಪಾಪಣ್ಣನ ಮಗಳು ಅಂತ ಅವಳೇ ಬರ್ಸವ್ಳೆ. ಅದನ್ನ ಬೇಡ ಅನ್ನಕ್ಕೆ ನನ್ನ ಮಗ ಯಾರು, ನೀನ್ಯಾರು? ಅವನಿಗೆ ನಾನು ಹೇಳ್ಕಂತೀನಿ."

ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದೆ. ಮನೆಗೆ ಬಂದಾಗ ಸುನಂದ ಸೊಪ್ಪು ಬಿಡಿಸುತ್ತಿದ್ದಳು. ಕೈ ಕಾಲು ತೊಳೆದು ಅವಳೆದುರು ಕೂತು ನಾನೂ ಸ್ವಲ್ಪ ಬಿಡಿಸಿದೆ. ಅವಳು ಅಚ್ಚರಿಯಿಂದ ನೋಡಿದಳು. ಅಂತರಗಂಗೆಯಿಂದ ಬಂದ ಆ ದಿನ ಅವಳು ಅಳಲಿಲ್ಲವಲ್ಲ ಎಂಬುದನ್ನೇ ಯೋಚಿಸುತ್ತಿದ್ದೆ.

23 ಏಪ್ರಿಲ್, ಬುಧವಾರ

ಬೆಳಿಗ್ಗೆ ಏಳಕ್ಕೇ ಹೋಗಿ ಅಜ್ಮತುಲ್ಲಾನ ಕೈಯಲ್ಲಿ ಬೋರ್ಡು ಬಿಚ್ಚಿಸಿದೆ. ನಾಲ್ಕು ಬೋಲ್ಟು. ಒಂದು ತುಕ್ಕು ಹಿಡಿಯದಿದ್ದರೂ ಬಿಗಿಯಾಗಿತ್ತು, ಅವನು ಬಿಚ್ಚುವವರೆಗೆ ನಾನು ಕೆಳಗೆ ಹಿಡಿದುಕೊಂಡಿದ್ದೆ. ತೋಳು ಇನ್ನೂ ನೋಯುತ್ತಿದೆ.

ಶಿವಶಂಕರ್ ಬಂದು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ.

"ಮೇಲಿನವರು ಫೋಟೊ ನೋಡಿ ಓಕೆ ಮಾಡಿದಾರೆ ಸಾರ್. ಇದೊಂದು ಬೋರ್ಡ್ ನೋಡಿ ಮೆಚ್ಕೊಂಡಿದ್ರು."

"ಸುಳ್ಳು ಅದು."

"ಬರೆದಿದ್ದು ನೀವೇ ಅಲ್ವಾ ಸಾರ್?"

"ಹೌದು. ನಾನೇ ಬರೆದೆ, ನಾನೇ ತೆಗೀತಿದೀನಿ. ಅವಳಿಗೆ ಮನೆಯಿದೆ, ಅಪ್ಪ ಇದ್ದಾನೆ, ಅವಳ ಕಡೆಯವರು ನಿನ್ನೆ ಬಂದು ಹೋದರು."

"ನೀವು ಹೀಗೆ ಮಾಡಿದ್ರೆ ಮುಂದಿನ ಕೆಲಸಕ್ಕೆ ನಿಮ್ಮ ಹೆಸರು ಹೇಳೋಕಾಗಲ್ಲ ಸಾರ್ ನಾನು."

ಬೇಡ ಎಂದೆ. ಹೊಸದನ್ನು ಅಲ್ಲೇ ನಿಂತು ಬರೆದುಕೊಟ್ಟೆ. ಅವನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು ಬೈಕ್ ಹತ್ತಿದ. ಮಾಡಿಸುತ್ತಾನೋ ಇಲ್ಲವೋ ಗೊತ್ತಿಲ್ಲ.

29 ಏಪ್ರಿಲ್, ಮಂಗಳವಾರ

ನರಸಿಂಹಪ್ಪನ ಫೋನ್. ಜಗಳಕ್ಕೆ ಸಿದ್ಧನಾಗಿ ಎತ್ತಿದೆ.

"ನಮ್ಮೂರ ಹೆಸರು ಹಾಕ್ತಿದೀರಂತೆ."

"ಹೌದು."

"ಅಮ್ಮ ವಾರದಿಂದ ಬೇರೆ ಮಾತೇ ಆಡ್ತಾ ಇಲ್ಲ." ಪಕ್ಕದಲ್ಲಿದ್ದ ಯಾರಿಗೋ ಬಂದೆ ಇರು ಎಂದು ಹೇಳಿ ಮುಂದುವರಿಸಿದ. "ಹೆಸರು ಸರಿಯಾಗಿ ಬರೀರಿ ಮೇಷ್ಟ್ರೇ. ಚಂಗಮ್ಮ ಅಲ್ಲ, ಚೆಂಗಮ್ಮ."

4 ಮೇ, ಭಾನುವಾರ

ಉದ್ಘಾಟನೆ ಆಯಿತು. ಶಾಮಿಯಾನ, ಭಾಷಣ, ಬಿಸಿಲು. ಹೊಸ ಬೋರ್ಡು ಬಂದಿದೆ. ಉಳಿದವುಗಳಷ್ಟೇ ದೊಡ್ಡದು, ಗುಲಾಬಿ ಇಲ್ಲ. ಶಿವಶಂಕರ್ ನನ್ನ ಕಡೆ ನೋಡದೆ ಹೇಳಿದ, "ಮೇಲಿನವರು ಓದಿದ್ರು ಸಾರ್. ಏನೂ ಅನ್ನಲಿಲ್ಲ."

ಸುನಂದ ಬಂದಿದ್ದಳು. ನಾನು ಒತ್ತಾಯ ಮಾಡಿರಲಿಲ್ಲ, ಬರುತ್ತೀಯಾ ಎಂದು ಮಾತ್ರ ಕೇಳಿದ್ದೆ. ಜನ ಕರಗಿದ ಮೇಲೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ. ಕನ್ನಡಕ ತಂದಿರಲಿಲ್ಲ, ಓದಿ ಅಂದಳು. ಓದಿದೆ.

'ಮಾರ್ಥಾ ಚೆಂಗಮ್ಮ. ಕುರುಡುಮಲೆ ಪಾಪಣ್ಣನ ಮಗಳು. ಮಿಷನ್ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ದಾದಿಯಾಗಿದ್ದರು. 1918ರ ಮಹಾಜ್ವರದಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತ ತೀರಿಕೊಂಡರು. ಅವರ ತಾಯಿ ಇಲ್ಲಿಗೆ ಬಂದು ಹೋಗುತ್ತಿದ್ದರು.'

ಸುನಂದ ಬೆಂಚಿನ ಮೇಲೆ ಕೂತಳು. ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ಸದ್ದಿರಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು. ಪಕ್ಕದಲ್ಲಿ ಕೂತೆ. ದಾರಿಯಲ್ಲಿ ವಾಕಿಂಗಿನವರು ಹೋಗುತ್ತಿದ್ದರು, ಕೂತೇ ಇದ್ದೆ.

ಆಮೇಲೆ ಮೊಬೈಲ್ ತೆಗೆದು ಬೋರ್ಡಿನ ಫೋಟೊ ತೆಗೆದಳು. "ಧನಶ್ರೀಗೆ ಕಳಿಸ್ತೀನಿ," ಅಂದಳು. ಆರು ವರ್ಷದಲ್ಲಿ ನನ್ನೆದುರು ಆ ಹೆಸರು ಎತ್ತಿದ್ದು ಇದೇ ಮೊದಲು. ಅವಳು ನನ್ನ ಮುಖ ನೋಡಿದಳು. ಬಿಸಿಲಿನ ಹೊಳಪಿಗೆ ಅಕ್ಷರ ಸರಿಯಾಗಿ ಬಂದಿರಲಾರದು, ಇನ್ನೊಂದು ತೆಗಿ ಎಂದೆ.

6 ಮೇ, ಮಂಗಳವಾರ

ಗೋರಿತೋಟದ ಕೆಲಸ ಮುಗಿದಿದೆ, ಹೋಗಬೇಕಾದ್ದಿಲ್ಲ. ಊಟ ಮಾಡಿ ಮುಳಬಾಗಿಲ ಬಸ್ಸು ಹತ್ತಿದೆ. ಸುನಂದ ಎಲ್ಲಿಗೆ ಎಂದು ಕೇಳಲಿಲ್ಲ, ಛತ್ರಿ ಕೊಟ್ಟಳು.

ಪೇಟೆ ಬೀದಿಯಲ್ಲೇ ನಡೆದೆ. ಅಂಗಡಿಯಲ್ಲಿ ಅಕ್ರಂ ಯಾರಿಗೋ ಪೈಪು ಅಳೆದು ಕೊಡುತ್ತಿದ್ದ. ನನ್ನನ್ನು ನೋಡಿ ಅಳತೆಯ ಟೇಪು ಕೈಯಲ್ಲಿ ಹಿಡಿದು ಹಾಗೇ ನಿಂತ. ನಮಸ್ಕಾರ ಎಂದ. ನಾನೂ ಎಂದೆ. ಅಂಗಡಿಯ ಪಕ್ಕದ ಮೆಟ್ಟಿಲು ತೋರಿಸಿದ. ಕಡಿದಾದ ಮೆಟ್ಟಿಲು, ಕಟಾಂಜನ ಹಿಡಿದು ಹತ್ತಿದೆ, ಎರಡು ಕಡೆ ನಿಲ್ಲಬೇಕಾಯಿತು.

ಧನಶ್ರೀ ಬಾಗಿಲು ತೆಗೆದಳು. ದಪ್ಪಗಾಗಿದ್ದಾಳೆ. ಒಳಗೆ ಬಾ ಎನ್ನಲಿಲ್ಲ, ಬಾಗಿಲಿಗೆ ಅಡ್ಡವಾಗಿಯೂ ನಿಲ್ಲಲಿಲ್ಲ. ನಾನು ಒಳಗೆ ಹೋಗಿ ಮೊದಲು ಕಂಡ ಕುರ್ಚಿಯಲ್ಲಿ ಕೂತೆ.

"ಅಮ್ಮ ಚೆನ್ನಾಗಿದಾಳಾ?"

"ಇದಾಳೆ."

"ಬೋರ್ಡ್ ಫೋಟೊ ನೋಡಿದೆ," ಎಂದಳು. "ನಾನೂ ಸತ್ತು ನೂರು ವರ್ಷ ಆದ್ಮೇಲೆ ನಂಗೂ ಒಂದು ಚೆನ್ನಾಗಿರೋದು ಬರೀತೀರೇನೋ ಅಂದ್ಕೊಂಡೆ."

ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡು ಹೋಗಿದ್ದ ಮಾತೆಲ್ಲ ಹೋಯಿತು. ನೀರು ಕೊಡು ಎಂದೆ. ತಂದುಕೊಟ್ಟಳು. ಲೋಟ ಕೈಗೆ ಕೊಡದೆ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅವಳು ಗೋಡೆಗೊರಗಿ ನಿಂತೇ ಇದ್ದಳು. ನಾನು ಕುಡಿದು ಮುಗಿಸಿದೆ. ಎದ್ದು ಬಂದುಬಿಡೋಣವೆನ್ನಿಸಿತು.

ಒಳಗಿನ ಕೋಣೆಯಿಂದ ಒಂದು ಹೆಣ್ಣುಮಗು ಬಂತು. ಐದು ವರ್ಷವಿರಬಹುದು, ನಿದ್ದೆಯಿಂದ ಎದ್ದ ಮುಖ. ತಾಯಿಯ ಸೆರಗು ಹಿಡಿದು ನನ್ನನ್ನು ನೋಡಿತು. "ಯೇ ಕೋನ್ ಅಮ್ಮಿ?"

ಧನಶ್ರೀ ನನ್ನ ಕಡೆ ನೋಡಲಿಲ್ಲ. "ನಂಗೇನ್ ಗೊತ್ತು ಇಶ್ರತ್. ಅವರನ್ನೇ ಕೇಳು," ಎಂದಳು.

ಮಗು ಮುಂದೆ ಬಂದು ಕನ್ನಡದಲ್ಲಿ ಕೇಳಿತು, "ನೀವ್ಯಾರು?"

"ಕೋದಂಡರಾಮಪ್ಪ ಅಂತ."

"ಅಂದ್ರೆ ಯಾರು?"

"ನಿಮ್ಮಮ್ಮ ಇದಾಳಲ್ಲ," ಎಂದೆ. "ಅವಳು ನನ್ನ ಮಗಳು."

ಮಗು ತಿರುಗಿ ತಾಯಿಯ ಮುಖ ನೋಡಿತು. ಧನಶ್ರೀ ಅಲ್ಲ ಎನ್ನಲಿಲ್ಲ.